ಮಾದರಿ ಕೊಡುವ ಮುನ್ನ ಒಂದು ನಿಜ

ಮಾದನಾಯಕನಹಳ್ಳಿಯ ಶೀಟಿನ ಮನೆಗಳ ವಠಾರದಲ್ಲಿ ಆ ವಾರ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಹತ್ತಿರದ ಗೋದಾಮಿಗೆ ಬೆಂಕಿ ಬಿದ್ದು, ಲೋಡಿಂಗ್ ಕೆಲಸದವರು ಕೆಲವರು ತೀರಿಹೋಗಿದ್ದರು. ದೇಹಗಳ ಗುರುತು ಹತ್ತುವಂತಿರಲಿಲ್ಲ. ಮಲಕವ್ವನ ಮಗ ಹನುಮೇಶ ಅಲ್ಲಿಗೆ ಕೆಲಸಕ್ಕೆ ಹೋದವನು ಮನೆಗೆ ಬಂದಿರಲಿಲ್ಲ. ಎದುರು ಮನೆಯ ಚನ್ನವೀರಪ್ಪನ ತಮ್ಮನೂ ಬಂದಿರಲಿಲ್ಲ. ಮಲಕವ್ವನ ಒಲೆ ಹೊತ್ತಿರಲಿಲ್ಲ. ಅಕ್ಕಪಕ್ಕದವರು ಅನ್ನ, ಸಾರು ತಂದು ಬಾಗಿಲ ಬಳಿ ಸದ್ದಿಲ್ಲದೆ ಇಟ್ಟು ಹೋಗುತ್ತಿದ್ದರು.

ಆಶಾ ಕಾರ್ಯಕರ್ತೆ ರಾಮಮ್ಮ ಬಂದು ನೆಲದ ಮೇಲೆಯೇ ಕೂತರು.

"ನಾಳೆ ಆಸ್ಪತ್ರೆಗೆ ಬರ್ಬೇಕಂತೆ. ಡಿಎನ್‌ಎ ಪರೀಕ್ಷೆಗೆ ಮಾದರಿ ತಗೋತಾರೆ. ಹನುಮೇಶನ ರಕ್ತಸಂಬಂಧಿಗಳೇ ಬೇಕು. ತಾಯಿ, ಇಲ್ಲಾಂದ್ರೆ ಮಗು."

"ಅತ್ತಿ ಅದಾರಲ್ಲ," ಎಂದಳು ಸೊಸೆ ದಾನೇಶ್ವರಿ.

ಮಲಕವ್ವ ಪುಟ್ಟ ಮೊಮ್ಮಗಳು ಭುವನೇಶ್ವರಿಯನ್ನು ತೊಡೆಗೆಳೆದುಕೊಂಡಳು. "ಹೂಂ, ನಂದ ತಗೊಳ್ಳಿ. ಕೂಸಿಗೆ ಸೂಜಿ ಚುಚ್ಚೂದು ಬ್ಯಾಡ."

ಬಾಗಿಲಲ್ಲಿ ನಿಂತಿದ್ದ ಚನ್ನವೀರಪ್ಪ ಸಿಡುಕಿದ. "ಕೊಟ್ಟರ ಏನ್ ಬಂತ್ರಿ? ಲ್ಯಾಬಿನ್ಯಾಗ ಕೇಸು ಗುಡ್ಡಿ ಬಿದ್ದಾವಂತ. ನಮ್ಮ ಪಾಳಿ ಬರೂದ್ರಾಗ ನಾವ ಮುದುಕರಾಗಿರ್ತೀವಿ. ಅವರೇನು ಮಲಗ್ಯಾರೇನ್ರಿ?"

"ಮಲಗಿಲ್ಲ ಕಣಪ್ಪ," ಎಂದರು ರಾಮಮ್ಮ. "ಕೊಲೆ, ಅತ್ಯಾಚಾರ, ಕಾಣೆಯಾದೋರು, ಎಲ್ಲಾ ಅಲ್ಲಿಗೇ ಹೋಗೋದು. ಜನ ಕಮ್ಮಿ, ಕೆಲ್ಸ ಜಾಸ್ತಿ. ಅದನ್ನ ಸರ್ಕಾರ ಸರಿಮಾಡ್ಬೇಕು. ಆದ್ರೆ ನಮ್ಮಿಂದ್ಲೂ ತಡ ಆಗುತ್ತೆ. ಕರೆದ ದಿನ ಹೋಗಲ್ಲ. ಹೋದ್ರೂ ಸಂಬಂಧ ತಪ್ಪು ಹೇಳ್ತೀವಿ. ಸಾಕಿದ ದೊಡ್ಡಪ್ಪ ಬಂದು 'ನಾನೇ ಅಪ್ಪ' ಅಂದ್ರೆ ಪರೀಕ್ಷೆ ಹೊಂದುತ್ತಾ? ಮತ್ತೆ ಮಾದರಿ, ಮತ್ತೆ ಪರೀಕ್ಷೆ. ಒಂದು ಮನೇದು ತಪ್ಪಿದ್ರೂ ಉಳಿದೋರು ಶವಾಗಾರದಲ್ಲೇ ಕಾಯ್ಬೇಕಾಗುತ್ತೆ. ನಿನ್ ತಮ್ಮನೂ."

ಚನ್ನವೀರಪ್ಪ ತಲೆ ತಗ್ಗಿಸಿ ಹೊರಟುಹೋದ. ಅವನ ಒಂದೊಂದು ಕಾಲಲ್ಲಿ ಒಂದೊಂದು ಬಗೆಯ ಚಪ್ಪಲಿ ಇದ್ದುದನ್ನು ಮಲಕವ್ವ ನೋಡಿದಳು. ಅವಳಿಗೆ ತಡೆಯಲಾಗಲಿಲ್ಲ.

"ರಾಮಮ್ಮಾರ, ನಾ ಅವನ್ನ ಹಡದಾಕಿ ಅಲ್ಲ."

ದಾನೇಶ್ವರಿ ತಲೆಯೆತ್ತಿದಳು.

"ಹಡದಾಕಿ ತೀರಿಕೊಂಡಾಗ ಅವ ತೊಟ್ಟಿಲದಾಗಿದ್ದ. ನಾ ಎರಡನೇ ಹೆಂಡ್ತಿಯಾಗಿ ಬಂದೆ. ಅವರಪ್ಪನೂ ಈಗ ಇಲ್ಲ. ಊರು ಬಿಟ್ಟ ಮ್ಯಾಲೆ ಯಾರ ಮುಂದೂ ಹೇಳಿಲ್ಲ. ಈಗ ಕಡೀಗೆ ಮಲತಾಯಿ ಅನ್ನಿಸ್ಕೋಬೇಕೇನ್ರಿ? ಅವನ್ನ ನನ್ನ ಕೈಗೆ ಕೊಡ್ತಾರೇನ್ರಿ?"

ರಾಮಮ್ಮ ಅವಳ ಕೈ ಹಿಡಿದುಕೊಂಡರು. "ಹೆತ್ತೋರು ಯಾರು ಅಂತಷ್ಟೇ ಲ್ಯಾಬ್‌ನೋರು ಕೇಳೋದು ಕಣವ್ವ. ಬೆಳೆಸಿದ್ದನ್ನ ನಿಮ್ಮಿಂದ ಯಾರೂ ಕಿತ್ಕೊಳ್ಳಲ್ಲ."

"ಕೂಸಿಗೆ ನೋವಾಗತೈತಲ್ರಿ?"

"ಸೂಜಿನೇ ಬೇಕಂತಿಲ್ಲ. ಕೆನ್ನೆ ಒಳಗೆ ಹತ್ತಿ ಕಡ್ಡಿ ಆಡಿಸಿದ್ರೂ ಆಗುತ್ತೆ. ಮಗೀನಲ್ಲಿ ಅರ್ಧ ಅಮ್ಮಂದು, ಅರ್ಧ ಅಪ್ಪಂದು. ದಾನೇಶ್ವರಿದೂ ಜೊತೆಗೆ ಕೊಟ್ರೆ ಗುರುತು ಹಿಡಿಯೋದು ಸಲೀಸು."

ದಾನೇಶ್ವರಿ ಎದ್ದುಹೋಗಿ ತಟ್ಟೆಗೆ ಅನ್ನ ಹಾಕಿ, ಕಲಸಿ, ಅತ್ತೆಯ ಮುಂದಿಟ್ಟಳು. "ಮೊದಲ ನೀವು ಉಣ್ರಿ. ನಾಳೆ ಮೂವರೂ ಹೋಗೂಣು."

ಮರುದಿನ ಆಸ್ಪತ್ರೆಯಲ್ಲಿ ಮಹಿಳಾ ಪೇದೆ ರಾಣಿಗೆ ಮಲಕವ್ವ ತಾನೇ ನಿಜ ಹೇಳಿದಳು. ಸಾಲಿನಲ್ಲಿದ್ದವರಿಗೆ ಕೇಳದಂತೆ ರಾಣಿ ದನಿ ತಗ್ಗಿಸಿ, ವಿವರ ಕೇಳಿ ಬರೆದುಕೊಂಡಳು. ಹತ್ತಿ ಕಡ್ಡಿ ತಾಗಿದಾಗ ಮಗು ಕಚಗುಳಿ ಇಟ್ಟಂತೆ ನಕ್ಕಿತು.

ಎಲ್ಲ ಮನೆಯವರೂ ಸರಿಯಾದ ಮಾದರಿಯನ್ನೇ ಕೊಟ್ಟಿದ್ದರು. ಯಾರನ್ನೂ ಮತ್ತೊಮ್ಮೆ ಕರೆಯಬೇಕಾಗಲಿಲ್ಲ. ವರದಿ ಬಂತು. ಹನುಮೇಶನ ಗುರುತು ಸಿಕ್ಕಿತು, ಚನ್ನವೀರಪ್ಪನ ತಮ್ಮನದೂ.

ಶವಾಗಾರದ ಮುಂದೆ ಮಲಕವ್ವ ಎಲ್ಲರಿಗಿಂತ ಹಿಂದೆ, ಗೋಡೆಗೆ ಒತ್ತಿಕೊಂಡು ನಿಂತಿದ್ದಳು.

"ಹನುಮೇಶನ ಕಡೆಯೋರು ಯಾರು? ಮುಂದೆ ಬನ್ನಿ," ಎಂದರು ಒಳಗಿನವರು.

ದಾನೇಶ್ವರಿ ಹಿಂದಕ್ಕೆ ಬಂದು ಅತ್ತೆಯ ಕೈ ಹಿಡಿದು ಎಳೆದಳು. "ಇವರ್ರೀ. ಅವರವ್ವ."

ಎಲ್ಲವನ್ನೂ ಬಲ್ಲ ರಾಣಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. "ಹೌದು ಸಾರ್. ತಾಯಿ."

ಅಕ್ಕಂದಿರೆ, ಅಣ್ಣಂದಿರೆ, ಇಂಥ ಕರೆ ಯಾರ ಮನೆಗೂ ಬಾರದಿರಲಿ. ಬಂದರೆ, ಹೇಳಿದ ದಿನವೇ ಹೋಗಿ. ಹೆತ್ತವರು ಯಾರು, ಸಾಕಿದವರು ಯಾರು ಎಂಬುದನ್ನು ಮುಚ್ಚಿಡದೆ ಹೇಳಿ. ನೀವು ಹೇಳುವ ನಿಜ ಒಂದು ಮರುಪರೀಕ್ಷೆಯನ್ನು ಉಳಿಸುತ್ತದೆ. ನಿಮ್ಮ ಹಿಂದೆ ಕಾಯುತ್ತಿರುವವರ ಸರದಿಯೂ ಬೇಗ ಬರುತ್ತದೆ. ಪ್ರಯೋಗಾಲಯಕ್ಕೆ ಇನ್ನಷ್ಟು ಸಿಬ್ಬಂದಿ, ಯಂತ್ರ ಕೊಡಿ ಎಂದು ಮತ ಕೇಳಲು ಬಂದವರನ್ನು ಕೇಳಿ. ಕಾಯುತ್ತಿರುವವರು ನಮ್ಮವರೇ.