ಪೆಡಲ್ ಮೇಲಿನ ಕಾಲು

ಪೀಣ್ಯದ ಪ್ರೆಸ್ ಶಾಪಿನಲ್ಲಿ ಸಿದ್ದರಾಜುವಿನ ಬಲಗಾಲಿಗೆ ಇದ್ದದ್ದು ಒಂದೇ ಕೆಲಸ. ಪೆಡಲ್ ತುಳಿಯುವುದು, ಥಟ್ಟನೆ ಕಾಲೆತ್ತುವುದು. ತುಳಿದರೆ ಮೇಲಿನ ಅಚ್ಚು ಇಳಿದು ತಗಡನ್ನು ಕತ್ತರಿಸುತ್ತಿತ್ತು. ಎತ್ತದಿದ್ದರೆ ಮತ್ತೊಮ್ಮೆ ಇಳಿಯುತ್ತಿತ್ತು. ಮದುವೆಗೆ ಮುಂಚಿನಿಂದಲೂ ಅದೇ ಮೆಷಿನ್ನಿನ ಮುಂದೆ ನಿಂತವನಿಗೆ ಕಾಲಿನ ಬಗ್ಗೆ ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ.

ತೊಂಬತ್ತಾರರ ಬೇಸಿಗೆಯಲ್ಲಿ ತಗಡಿನ ಕಟ್ಟೊಂದನ್ನು ಎತ್ತುವಾಗ ಸೊಂಟ ಹಿಡಿದುಕೊಂಡಿತು. ಮುಲಾಮು ಹಚ್ಚಿಕೊಂಡ. ಸೊಂಟದ ನೋವೇನೋ ತಗ್ಗಿತು, ಆದರೆ ಕಾಲಿಗಿಳಿಯಿತು. ತೊಡೆಯ ಹಿಂಬದಿಯಲ್ಲಿ ಸುಡುತ್ತ ಬಂದು ಪಾದದ ಮೇಲೆ ಜೋಮಾಗಿ ಉಳಿದುಬಿಡುತ್ತಿತ್ತು. ದಾಸರಹಳ್ಳಿಯ ಮನೆಗೆ ನಡೆದು ಬರುವಾಗ ಬೆರಳುಗಳು ನೆಲಕ್ಕೆ ತಾಗಿ ಮುಗ್ಗರಿಸುತ್ತಿದ್ದ. ಹೆಂಡತಿ ಮಹಾಲಕ್ಷ್ಮಿ ಕೇಳಿದರೆ ಚಪ್ಪಲಿ ಸವೆದಿದೆ ಎನ್ನುತ್ತಿದ್ದ. ಅವಳು ಹೊಸ ಜೋಡಿ ತಂದಿಟ್ಟಳು. ಆ ಸಂಜೆ ಅವನು ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದ. ಇನ್ನೊಂದು ಕಳಚಿ ಬಿದ್ದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ.

ಮಹಾಲಕ್ಷ್ಮಿ ಅವನು ಬಂದ ದಾರಿಯಲ್ಲೇ ಹೋಗಿ, ಹಿಟ್ಟಿನ ಗಿರಣಿಯ ಮುಂದೆ ಬಿದ್ದಿದ್ದ ಚಪ್ಪಲಿಯನ್ನು ಹುಡುಕಿ ತಂದಳು. ಆಮೇಲೆ ಪಕ್ಕದಲ್ಲಿ ಕೂತು ಕೇಳಿದಳು: "ಇನ್ನೇನು ಮುಚ್ಚಿಟ್ಟಿದ್ದೀರಾ, ಹೇಳಿ."

ಸಿದ್ದರಾಜು ತನ್ನ ಬಲಗೈಯನ್ನೇ ನೋಡಿಕೊಂಡ. "ಇವತ್ತು ಪೆಡಲ್ ಮೇಲಿಂದ ಕಾಲೆತ್ತೋಕೆ ಆಗ್ಲಿಲ್ಲ ಕಣೇ. ಪ್ರೆಸ್ ಇನ್ನೊಂದ್ಸಲ ಇಳೀತು. ಕೈ ಆಗ ತಾನೇ ಈಚೆಗೆ ತಗೊಂಡಿದ್ದೆ."

ಅವಳು ಆ ಕೈಯನ್ನು ಮಡಿಲಿಗೆಳೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಸವರಿದಳು. ಬಹಳ ಹೊತ್ತು ಬಿಡಲಿಲ್ಲ.

ಬೆಳಗಾಗುತ್ತಲೇ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಕಾಲಿನ ಹೆಬ್ಬೆರಳನ್ನು ಮೇಲಕ್ಕೆತ್ತಿ ಹಿಡಿಯಲು ಹೇಳಿ, ಅದನ್ನು ಅದುಮಿ ನೋಡಿದರು. ಎಡಗಾಲಿನದು ಜಗ್ಗಲಿಲ್ಲ, ಬಲಗಾಲಿನದು ಸುಮ್ಮನೆ ಬಾಗಿಬಿಟ್ಟಿತು. ಬೆನ್ನಿನ ಕೆಳಗಡೆ ಮೂಳೆಗಳ ನಡುವಿನ ಮೆತ್ತೆ ಜಾರಿ ಕಾಲಿಗೆ ಹೋಗುವ ನರವನ್ನು ಒತ್ತಿದೆ ಎಂದು ವಿವರಿಸಿದರು. ಭಾರ ಎತ್ತಬಾರದು, ಹೇಳಿಕೊಟ್ಟ ವ್ಯಾಯಾಮ ಬಿಡಬಾರದು. ಕಾಲು ಇನ್ನೂ ಸೋತರೆ ಅಥವಾ ಮೂತ್ರ ಕಟ್ಟಿದರೆ ಒಂದು ಗಳಿಗೆಯೂ ತಡಮಾಡದೆ ಬರಬೇಕು, ಆಗ ಆಪರೇಷನ್ನೇ ಗತಿ. ಪೆಡಲ್ ಅಂತೂ ಮುಟ್ಟಲೇ ಕೂಡದು.

ರಜೆ ಮುಗಿದ ಮೇಲೆ ಸೂಪರ್‌ವೈಸರ್ ಯಮನಪ್ಪ ಅವನನ್ನು ತಯಾರಾದ ಮಾಲು ಪರೀಕ್ಷಿಸುವ ಮೇಜಿಗೆ ಹಾಕಿದರು. ಅಲ್ಲಿದ್ದವರೆಲ್ಲ ಹೆಂಗಸರು. ಮೊದಲ ದಿನ ಸಿದ್ದರಾಜು ತಲೆಯನ್ನೇ ಎತ್ತಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಚನ್ನಕ್ಕ ಆಗಾಗ ಅವನನ್ನು ನೀರು ತರಲು ಕಳಿಸುತ್ತಿದ್ದಳು. ಇವಳಿಗೆಷ್ಟು ಬಾಯಾರಿಕೆ ಎಂದು ಅವನಿಗೆ ಸಿಡುಕು. ತುಂಬ ಹೊತ್ತು ಒಂದೇ ಕಡೆ ಕೂತರೆ ಸಿದ್ದರಾಜುವಿಗೆ ಆಗುವುದಿಲ್ಲವೆಂದು ಯಮನಪ್ಪ ಅವಳಿಗೆ ಹೇಳಿದ್ದರೆಂಬುದು ಆಮೇಲೆ ಅವನಿಗೆ ತಿಳಿಯಿತು. ಅಂದಿನಿಂದ ಅವಳು ಕೇಳುವ ಮೊದಲೇ ಚೆಂಬು ಹಿಡಿದು ಏಳುತ್ತಿದ್ದ.

ಮನೆಯಲ್ಲಿ ಬೋರಲು ಮಲಗಿ ವ್ಯಾಯಾಮ ಮಾಡಲು ಅವನಿಗೆ ನಾಚಿಕೆ. ಮಹಾಲಕ್ಷ್ಮಿ ಸೀರೆ ಬಿಗಿದುಕಟ್ಟಿ ಪಕ್ಕದಲ್ಲೇ ಇನ್ನೊಂದು ಚಾಪೆ ಹಾಸಿಕೊಂಡಳು. ಮುಗಿದ ಮೇಲೆ ಅವನ ಹೆಬ್ಬೆರಳ ಮೇಲೆ ಅಂಗೈಯಿಟ್ಟು ಎತ್ತಲು ಹೇಳುತ್ತಿದ್ದಳು. ಎಷ್ಟೋ ವಾರ ಏನೂ ಆಗಲಿಲ್ಲ. ಶ್ರಾವಣದ ಒಂದು ಸಂಜೆ ಅವಳ ಕೈ ತುಸು ಮೇಲೆದ್ದಿತು.

"ಇನ್ನೊಂದ್ಸಲ," ಎಂದಳು, ಉಸಿರು ಬಿಗಿಹಿಡಿದು.

ಮತ್ತೆ ಎದ್ದಿತು. ಅವಳು ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕಾಲು ಪೂರ್ತಿ ಮೊದಲಿನಂತಾಗಲಿಲ್ಲ. ಸಂಜೆಯ ಹೊತ್ತು ಇಬ್ಬರೂ ನಡೆಯಲು ಹೊರಟರೆ ಸ್ವಲ್ಪ ದೂರಕ್ಕೇ ಉರಿ ಏಳುತ್ತಿತ್ತು. ಆಗ ಹೊಂಗೆ ಮರದ ಕೆಳಗೆ ಕಾಂಪೌಂಡ್ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಸಂಸಾರ ಹೂಡಿದಾಗಿನಿಂದ ಹಾಗೆ ಸುಮ್ಮನೆ ಜೊತೆಯಲ್ಲಿ ನಿಂತದ್ದೇ ಇರಲಿಲ್ಲ. ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ ಕದ್ದು ಕಲಿಯಲು ಹೋಗಿ ಕೆರೆ ಏರಿಯಿಂದ ಉರುಳಿದ ಕಥೆಯನ್ನು ಅವಳು ಅಲ್ಲೇ ಹೇಳತೊಡಗಿದಳು. ನಡುವೆ ನಿಲ್ಲಿಸಿ ಕೇಳಿದಳು: "ಕಾಲು ಇನ್ನೂ ಉರೀತಿದ್ಯಾ?"

"ಆಗಲೇ ನಿಲ್ತು," ಎಂದ ಸಿದ್ದರಾಜು, ಗೋಡೆ ಬಿಟ್ಟು ಅಲುಗದೆ. "ನೀನು ಹೇಳು, ಆಮೇಲೇನಾಯ್ತು?"