ಸ್ಟೈನ್‌ವೇರ್ ದ್ವೀಪದ ಭಿನ್ನಮತ

ಚುನಾವಣಾ ಸುಧಾರಣೆಯ ತಜ್ಞರ ಸಮಿತಿಯಲ್ಲಿ ನನ್ನನ್ನು ಕೂರಿಸಿದ್ದು ನಾನು ತಜ್ಞನೆಂದಲ್ಲ. ಸರ್ಕಾರಕ್ಕೆ ದೇಶದ ಉತ್ತರ ಕರಾವಳಿಯವನೊಬ್ಬ ಬೇಕಿತ್ತು, ಮೂವತ್ತು ದಾಟದವನೊಬ್ಬ ಬೇಕಿತ್ತು. ಮೀನುಗಾರರ ಸಂಘ ನನ್ನ ಹೆಸರು ಕೊಟ್ಟಿತು. ಒಂದೇ ಕುರ್ಚಿಯಲ್ಲಿ ಎರಡು ಕೊರತೆ ತುಂಬಿತು. ಉಳಿದವರೆಲ್ಲ ಪ್ರೊಫೆಸರುಗಳು, ವಕೀಲರು, ಮಾಜಿ ಮೇಯರುಗಳು. ನಾನು ಹದಿನಾರಕ್ಕೇ ಶಾಲೆ ಬಿಟ್ಟು ಮೀನು ಸೀಳುವ ಮೇಜಿಗೆ ನಿಂತವನು.

ಒಂದು ವರ್ಷ ಓಸ್ಲೋದಲ್ಲಿ ಕೂತೆವು. ಪಕ್ಷಗಳಿಗೆ ದುಡ್ಡು ಎಲ್ಲಿಂದ ಬರುತ್ತದೆಂದು ಜನಕ್ಕೆ ಗೊತ್ತಾಗಬೇಕು ಎಂದರು, ಕೈ ಎತ್ತಿದೆ. ಊರಿನ ಸಭೆಗಳು ಬಾಗಿಲು ಹಾಕಿಕೊಂಡು ನಡೆಯಬಾರದು ಎಂದರು. ಎರಡೂ ಕೈ ಎತ್ತಿದೆ. ಆಮೇಲೆ ಬಂತು ಏಳನೆಯ ಅಧ್ಯಾಯ. ಸಣ್ಣ ಮತಗಟ್ಟೆಗಳನ್ನು ಮುಚ್ಚಿ ದೊಡ್ಡ ಊರುಗಳಿಗೆ ಸೇರಿಸುವುದಂತೆ. ಅದರಲ್ಲಿ ನಮ್ಮ ಸ್ಟೈನ್‌ವೇರ್ ದ್ವೀಪವೂ ಇತ್ತು. ನನ್ನ ಚಿಕ್ಕಮ್ಮ ಅಸ್ಲಾಗ್ ಪ್ರತಿ ಚುನಾವಣೆಗೂ ಶಾಲೆಯ ಕೋಣೆಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ಕೂರುವ ಮತಗಟ್ಟೆ.

"ಮುಂಚಿತವಾಗೇ ಮತ ಹಾಕೋ ಅವಕಾಶ ಇದೆಯಲ್ಲಪ್ಪಾ," ಎಂದರು ಅಧ್ಯಕ್ಷರು, ಪ್ರೊಫೆಸರ್ ಹಾಲ್ವರ್.

"ಅದಕ್ಕೂ ದ್ವೀಪದಿಂದ ಆಚೆ ದಡಕ್ಕೆ ಅದೇ ದೋಣಿ ಹತ್ತಬೇಕಲ್ಲ ಹಾಲ್ವರ್! ದೋಣಿ ಹೊರಡದಿದ್ರೆ ಏನು, ಈಜ್ಕೊಂಡು ಹೋಗಿ ಒದ್ದೆ ಚೀಟಿ ಹಾಕ್ಬೇಕಾ?"

ಯಾರೋ ನಕ್ಕರು. ವಕೀಲೆ ರಾಗ್ನ್‌ಫ್ರಿದ್ ದೋಸೆಯಂಥ ವಾಫಲ್ ಇದ್ದ ತಟ್ಟೆಯನ್ನು ನನ್ನ ಕಡೆ ತಳ್ಳಿದರು. "ತಿನ್ನು ಮಗಾ. ಹೊಟ್ಟೆ ತುಂಬಿದ್ರೆ ಸಿಟ್ಟೂ ಇಳಿಯುತ್ತೆ."

ತಿಂದೆ. ಇಳಿಯಲಿಲ್ಲ.

ಬಿಡುವಿನಲ್ಲಿ ಹಾಲ್ವರ್ ನನ್ನನ್ನು ಕಿಟಕಿಯ ಬಳಿ ಕರೆದರು. "ಸಿವರ್ತ್, ಒಮ್ಮತದ ವರದಿಗೇ ತೂಕ ಕಣೋ. ಒಬ್ಬ ಮುರಿದ್ರೂ ಮಂತ್ರಿಗಳಿಗೆ ನೆಪ ಸಿಗುತ್ತೆ, ಇಡೀ ವರದಿ ಕಪಾಟು ಸೇರುತ್ತೆ. ನೀನು ಕೈ ಎತ್ತಿದ ಒಳ್ಳೇ ಅಧ್ಯಾಯಗಳೂ ಅದರ ಜೊತೇಲೇ ಹೋಗ್ತವೆ. ಬೇಕಾ?"

ಈ ಮಾತು ನಿಜಕ್ಕೂ ಚುಚ್ಚಿತು. ಹೊರಗೆ ಟ್ರಾಮುಗಳು ಓಡುತ್ತಿದ್ದವು. ಆ ಊರಲ್ಲಿ ಮತಗಟ್ಟೆಯಿಂದ ತಪ್ಪಿಸಿಕೊಳ್ಳುವುದೇ ಕಷ್ಟ. "ಭಿನ್ನಮತ ಬರೀತೀನಿ," ಎಂದೆ.

ಒಬ್ಬನೇ ಒಬ್ಬ ಸದಸ್ಯ ಒಪ್ಪದಿದ್ದರೂ ಅವನ ಮಾತನ್ನು ಅದೇ ವರದಿಯಲ್ಲಿ, ಬಹುಮತದ ಮಾತಿನ ಕೆಳಗೇ ಅಚ್ಚುಹಾಕಬೇಕು. ಅದು ನಮ್ಮ ಪದ್ಧತಿ. ಕಾರ್ಯದರ್ಶಿ ಇಂಗ್ವಿಲ್ ನನ್ನ ಪರವಾಗಿ ತಾನೇ ಬರೆದು ತಂದಳು: 'ಸದಸ್ಯರೊಬ್ಬರು ಸಾರಿಗೆಯ ಕೆಲವು ಸವಾಲುಗಳತ್ತ ಗಮನ ಸೆಳೆಯಬಯಸುತ್ತಾರೆ.'

"ಇದನ್ನ ಓದಿದ್ರೆ ನಂಗೇ ನಿದ್ದೆ ಬರುತ್ತೆ."

"ವರದಿ ಅಂದ್ರೆ ಹಿಂಗೇ ಇರೋದು."

"ಕೊಡಿಲ್ಲಿ. ಭಿನ್ನಮತ ನಂದು, ಬಾಯೂ ನಂದೇ."

ಬರೆದೆ: 'ಸಮುದ್ರ ಕೆಟ್ಟ ದಿನ ದೋಣಿ ಹೊರಡುವುದಿಲ್ಲ. ಆ ದಿನ ಚುನಾವಣೆಯಾದರೆ ಸ್ಟೈನ್‌ವೇರ್‌ನ ಜನ ಪ್ರಜಾಪ್ರಭುತ್ವದ ಹೊರಗೆ. ಆಗುವ ಉಳಿತಾಯ ನೀವು ತೋರಿಸಿದ್ದೀರಿ, ಕಳೆಯುವ ಮತ ತೋರಿಸಿಲ್ಲ. ಪೆಟ್ಟಿಗೆ ಹಿಡಿದು ನಮ್ಮ ತನಕ ಬರಲಾರದ ಸರ್ಕಾರ ತೆರಿಗೆಗೂ ಬರಬಾರದು.'

ಇಂಗ್ವಿಲ್ ಕಾಗುಣಿತ ತಿದ್ದಿದಳು, ಅಷ್ಟೆ. ಹಾಲ್ವರ್ ಓದಿ, ಕನ್ನಡಕ ತೆಗೆದು, ಸಹಿ ಹಾಕಿದರು.

ವರದಿ ಜನರ ಅಭಿಪ್ರಾಯಕ್ಕೆ ಹೋಯಿತು. ಕೆಲವು ತಿಂಗಳಾದ ಮೇಲೆ ಇಂಗ್ವಿಲ್ ಫೋನು. "ಏನ್ ಮಾಡಿಟ್ಟಿದ್ದೀಯೋ ಮಾರಾಯ! ಲೋಫೋಟನ್ ದ್ವೀಪಗಳಿಂದ, ಹಿಮಸಾರಂಗ ಕಾಯೋ ಸಾಮಿ ಬುಡಕಟ್ಟಿನವರಿಂದ, ಎಲ್ಲೆಲ್ಲಿಂದಲೋ ಬರೀತಿದ್ದಾರೆ. 'ನಾವು ಆ ಒಬ್ಬ ಸದಸ್ಯನ ಕಡೆ' ಅಂತ!"

ಸಂಸತ್ತು ಮತಕ್ಕಿಟ್ಟ ದಿನ ನಾವು ಮೀನಿನ ಶೆಡ್ಡಿನಲ್ಲಿದ್ದೆವು, ರೇಡಿಯೋ ಹಾಕಿಕೊಂಡು. ಪಕ್ಷಗಳ ದುಡ್ಡಿನ ಅಧ್ಯಾಯ ಗೆದ್ದಿತು. ಬಾಗಿಲು ತೆರೆಯುವ ಅಧ್ಯಾಯ ಗೆದ್ದಿತು. ಕಪಾಟು ಸೇರುತ್ತವೆ ಎಂದಿದ್ದರಲ್ಲ, ಎರಡೂ ಗೆದ್ದವು! ಏಳನೆಯದು ಬಿತ್ತು. ಅದರ ಜಾಗದಲ್ಲಿ ನನ್ನ ಭಿನ್ನಮತ ಕಾನೂನಾಯಿತು: ದೋಣಿಯಿಲ್ಲದೆ ಬೇರೆ ಮತಗಟ್ಟೆ ತಲುಪಲಾಗದ ಊರಿನ ಮತಗಟ್ಟೆಯನ್ನು ಮುಚ್ಚುವಂತಿಲ್ಲ.

ಶೆಡ್ಡಿನವರೆಲ್ಲ ಚಾಕುವಿನ ಹಿಡಿಯಿಂದ ಉಕ್ಕಿನ ಮೇಜು ಕುಟ್ಟಿದರು. ನಾನು ಗಂಟಲು ಹರಿಯುವಂತೆ ಕೂಗಿದೆ. ಸ್ವಲ್ಪ ಹೊತ್ತಿಗೇ ಹಾಲ್ವರ್ ಫೋನು ಮಾಡಿದರು. "ಬಹುಮತ ನಮ್ಮದಿತ್ತು, ಸಿವರ್ತ್. ದೇಶ ನಿನ್ನ ಕಡೆ ಇತ್ತು."

"ಇನ್ನೊಂದು ಸಮಿತಿ ಮಾಡ್ತೀರಾದ್ರೆ ಹೇಳಿ. ಸಿಟ್ಟು ಇನ್ನೂ ಮಿಕ್ಕಿದೆ."

ಚಿಕ್ಕಮ್ಮ ಅಸ್ಲಾಗ್ ರಬ್ಬರ್ ಬೂಟು ತಟಪಟ ಬಡಿಯುತ್ತ ಬಂದಳು. ತಬ್ಬಿಕೊಳ್ಳುತ್ತಾಳೆಂದು ಕೈ ಚಾಚಿದೆ. ತೋಳಿಗೊಂದು ಗುದ್ದಿದಳು.

"ಕೂಗಿದ್ದು ಸಾಕು. ಸೆಪ್ಟೆಂಬರಿಗೆ ಚುನಾವಣೆ, ಪೆಟ್ಟಿಗೆ ಪಕ್ಕ ಕೂರೋಕೆ ನಂಗೊಬ್ರು ಬೇಕು. ಬರ್ತೀಯೇನೋ, ಕಾನೂನು ಮಾಡಿದವನೇ?"

"ಬೆಳಿಗ್ಗೆ ಬಾಗಿಲು ತೆಗೆಯೋದೇ ನಾನು," ಎಂದೆ.