ಮಾಗಿಯಲ್ಲಿ ನೀರು ಕುಡಿದ ಮಲ್ಲಿಗೆ

ನಾನು ಗಿಡಕ್ಕೆ ನೀರು ಹಾಕುವ ಒಂದು ತಗಡಿನ ಝಾರಿ. ಹುಟ್ಟಿದ್ದು ಧಾರವಾಡದ ಪೇಟೆಯಲ್ಲಿ, ತಗಡಿನ ಕೆಲಸದ ಹುಸೇನಸಾಬನ ಅಂಗಡಿ ಕಟ್ಟೆಯ ಮೇಲೆ. ಹಿಂದಿನ ಜನ್ಮದಲ್ಲಿ ನಾನು ಶೇಂಗಾ ಎಣ್ಣೆಯ ಡಬ್ಬಿಯಾಗಿದ್ದೆ. ಅವನು ನನ್ನನ್ನು ಕತ್ತರಿಸಿದ, ಬಡಿದ, ಮಡಚಿ ಬೆಸುಗೆ ಹಾಕಿದ. ಆನೆಯ ಸೊಂಡಿಲಿನಂಥ ಮೂಗೊಂದನ್ನು ಇಟ್ಟ. ಮೂಗಿನ ತುದಿಗೆ ಒಂದು ಬಿಲ್ಲೆ ಕೂರಿಸಿ, ಅದರ ತುಂಬ ಮೊಳೆಯಿಂದ ತೂತು ಹೊಡೆದ. ಪ್ರತಿ ತೂತಿಗೂ ನನಗೆ ನೋವಾಯಿತು. ಆ ತೂತುಗಳೇ ನನ್ನ ಬಾಳು ಎಂದು ಆಗ ಗೊತ್ತಿರಲಿಲ್ಲ.

ನನ್ನನ್ನು ಕೊಳ್ಳಲು ಬಂದವಳು ನೀಲಗಂಗವ್ವ. ಬೋಳು ಹಣೆಯ, ಗಟ್ಟಿ ಕೈಯ ಹೆಂಗಸು. ನನ್ನನ್ನು ಎತ್ತಿ, ತಿರುವಿ, ಬೆಳಕಿಗೆ ಹಿಡಿದು ನೋಡಿದಳು.

"ಸೋರತೈತೇನು ಸಾಬಣ್ಣ?"

"ಸೋರಲಿ ಅಂತನ ಮಾಡೀನಲ್ರೀ ಅವ್ವಾರ! ಮೂಗಿನ್ಯಾಗ ಸೋರಬೇಕು, ಬುಡದಾಗ ಸೋರಬಾರದು. ಮನಶ್ಯಾರ ಬಾಯಿನೂ ಹಿಂಗ ಇದ್ದಿದ್ರ ಎಷ್ಟ ಚಲೋ ಇತ್ತು."

ನೀಲಗಂಗವ್ವ ನಕ್ಕಳು. ಆಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ಹೆಚ್ಚು ಸಲ ನೋಡಲಿಲ್ಲ.

ಅವಳಿದ್ದದ್ದು ತಮ್ಮ ಈರಣ್ಣನ ಮನೆಯಲ್ಲಿ. ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು ಹಿಡಿದು ಬಂದಿದ್ದಳು. ಟ್ರಂಕಿನ ಮೇಲೆ ಒದ್ದೆ ಗೋಣಿತಾಟಿನಲ್ಲಿ ಸುತ್ತಿದ ಒಂದು ಮಲ್ಲಿಗೆಯ ಕಡ್ಡಿ ಇತ್ತಂತೆ. ಅದನ್ನು ಹಿತ್ತಲಲ್ಲಿ, ಅಡುಗೆಮನೆಯ ಕಿಟಕಿಗೆ ಎದುರಾಗಿ ನೆಟ್ಟಳು. ಮನೆಯೊಳಗಿನ ಎಲ್ಲವೂ ತಮ್ಮನ ಹೆಂಡತಿ ಕಸ್ತೂರಿಯದು. ಹಿತ್ತಲು ಮಾತ್ರ ಇವಳದು. ನಾನು ಹಿತ್ತಲಿನವನಾದ್ದರಿಂದ ಇವಳ ಕಡೆಯವನು.

ಹಿತ್ತಲಿಗೂ ಅಡುಗೆಮನೆಗೂ ಮಾತಿರಲಿಲ್ಲ. ಅದಕ್ಕೆ ಕಾರಣ ನಾನು ಬರುವ ಮೊದಲೇ ನಡೆದಿತ್ತು. ಬಾವಿಕಟ್ಟೆ ನನಗೆ ಹೇಳಿತು. ಆ ಮಲ್ಲಿಗೆ ಮೊದಲ ಸಲ ಹೂಬಿಟ್ಟ ಯುಗಾದಿಯಂದು ನೀಲಗಂಗವ್ವ ದಂಡೆ ಕಟ್ಟಿ, ಹೊಸದಾಗಿ ಮನೆ ತುಂಬಿದ್ದ ಕಸ್ತೂರಿಯ ಮುಂದೆ ಹಿಡಿದಳಂತೆ. ಕಸ್ತೂರಿ ಒಂದು ಹೆಜ್ಜೆ ಹಿಂದೆ ಸರಿದು ಹೇಳಿದಳಂತೆ: "ಹಬ್ಬದ ದಿನ ನಿಮ್ಮ ಕೈಯಾನ ಹೂವು ನಾ ಹ್ಯಾಂಗ ಮುಡೀಲ್ರಿ ಅಕ್ಕಾರ? ಕೆಟ್ಟ ಆದ್ರ?"

ಅಷ್ಟೇ. ಅಂದಿನಿಂದ ಆ ಗಿಡದ ಹೂವು ಓಣಿಯ ಎಲ್ಲ ಹೆಂಗಸರ ತಲೆಗೆ ಏರಿತು, ಗುಡಿಗೆ ಹೋಯಿತು, ಬಳೆಗಾರ್ತಿಯ ಬುಟ್ಟಿಗೂ ಬಿತ್ತು. ಕಸ್ತೂರಿಯ ತಲೆಗೆ ಮಾತ್ರ ಹೋಗಲಿಲ್ಲ. ಅವಳು ಪೇಟೆಯಿಂದ ಹೂ ತರಿಸಿ ಮುಡಿದಳು. ಅವಳಿಗೆ ಮಕ್ಕಳಾಗಲಿಲ್ಲ. ಓಣಿಯವರು ಎರಡನ್ನೂ ಸೇರಿಸಿ ಏನೇನೋ ಆಡಿಕೊಂಡರು. ನಾನು ಬಾವಿಕಟ್ಟೆಯ ಪಕ್ಕ ಕೂತು ಎಲ್ಲವನ್ನೂ ಕೇಳಿದೆ.

ನನ್ನ ವರ್ಷದಲ್ಲಿ ಎರಡೇ ಕಾಲ. ನೀರಿರುವ ಕಾಲ, ನೀರಿಲ್ಲದ ಕಾಲ. ದೀಪಾವಳಿ ಕಳೆಯುತ್ತಲೇ ಮಲ್ಲಿಗೆಗೆ ನೀರು ಕಡಿಮೆ. ಎಳ್ಳಮಾವಾಸ್ಯೆ ಬಂತೆಂದರೆ ಪೂರಾ ಬಂದ್. ನೀಲಗಂಗವ್ವ ಕತ್ತರಿ ತಂದು ಗಿಡದ ತಲೆ ಬೋಳಿಸುವಳು, ಉಳಿದ ಎಲೆಗಳನ್ನು ಒಂದೊಂದಾಗಿ ಕೀಳುವಳು. ಆಮೇಲೆ ಅದು ಬರೀ ಕಡ್ಡಿ. ನನ್ನನ್ನು ಬೋರಲು ಹಾಕುವಳು. ನನ್ನ ಹೊಟ್ಟೆಯಲ್ಲಿ ಜೇಡ ಮನೆ ಮಾಡುವುದು. ಧಾರವಾಡದ ಚಳಿ ತಗಡಿಗೆ ಬಡಿದರೆ ಹೇಗಿರುತ್ತದೆಂದು ತಗಡಿಗೇ ಗೊತ್ತು.

ಗಿಡಕ್ಕೆ ಬೇಸರವಾಗಬಾರದೆಂದು ಅವಳು ಪ್ರತಿ ಮಾಗಿಯಲ್ಲೂ ಅದರ ಬುಡದಲ್ಲಿ ಕೂತು ಒಂದು ಕಥೆ ಹೇಳುತ್ತಿದ್ದಳು.

"ಮಾಗಿ ಅನ್ನಾಕಿ ಒಬ್ಬಾಕಿ ಮುದುಕಿ ಇದ್ಲು. ಭಾಳ ಹೊಟ್ಟಿಕಿಚ್ಚಿನಾಕಿ. ಚಳಿಗಾಲ ಪೂರಾ ಹಿತ್ತಲ ಹಿತ್ತಲ ಅಡ್ಡಾಡಾಕಿ. ಹಸರು ಕಂಡಲ್ಲಿ ಕುಂತು, ಒಳಗ ಮಲಗಿದ ಮೊಗ್ಗು ಕದ್ದು ಉಡ್ಯಾಗ ಹಾಕ್ಕೊಳ್ಳಾಕಿ. ಅದಕ್ಕ ಜಾಣ ಮಲ್ಲಿಗಿ ಏನ್ ಮಾಡ್ತು? ಸತ್ತಂಗ ಬಿತ್ತು. ಎಲಿ ಉದುರಿಸ್ತು, ನೀರು ಒಲ್ಲೆ ಅಂತು. ಮುದುಕಿ ಬಂದು ನೋಡಿ, 'ಥೂ, ಇದು ಒಣಗಿ ಹೋಗೇತಿ' ಅಂತ ಮುಂದ ನಡದ್ಲು. ಆಕಿ ಸೀಮಿ ದಾಟಿದ ಮ್ಯಾಲ ಮಲ್ಲಿಗಿ ಕಣ್ಣು ತಗೀತು. ಹೇಳಿದಾಕಿ ಕೈಗೆ ಮಣ್ಣು, ಕೇಳಿದಾಕಿ ತಲಿಗೆ ಹೂವು."

ಭಾರತ ಹುಣ್ಣಿಮೆ ಕಳೆದ ಮೇಲೆ ನನ್ನನ್ನು ಎತ್ತಿ, ಜೇಡನನ್ನು ಝಾಡಿಸಿ, ಮೊದಲ ನೀರು ತುಂಬುವಳು. ಶಿವರಾತ್ರಿಗೆ ಚಿಗುರು. ಯುಗಾದಿಗೆ ಗಿಡದ ತುಂಬ ಬಿಳಿ ಮೊಗ್ಗು. ಒಂದು ವರ್ಷವೂ ಈ ಕಥೆ ಸುಳ್ಳಾಗಲಿಲ್ಲ.

ಒಂದು ವರ್ಷ ನೀಲಗಂಗವ್ವನ ಕಣ್ಣಿಗೆ ಪೊರೆ ಬಂತು. ಕಡ್ಡಿ ಯಾವುದು, ಎಲೆ ಯಾವುದು ಎಂದು ತಡಕಿ ತಡಕಿಯೇ ಆ ಸಲದ ಕಟಾವು ಮುಗಿಸಿದಳು. ಈರಣ್ಣ ಅವಳನ್ನು ಆಪರೇಷನ್ನಿಗೆ ಹುಬ್ಬಳ್ಳಿಗೆ ಕರೆದೊಯ್ದ. ಕಣ್ಣು ಮಾಯುವ ತನಕ ಅಲ್ಲೇ ತಂಗಿಯ ಮನೆಯಲ್ಲಿರುವುದೆಂದಾಯಿತು. ಹೊರಡುವಾಗ ಗಿಡವನ್ನು ಸವರಿ, "ಈ ಸಲ ಹೊಸ ಕಣ್ಣೀಲೆ ನಿನ್ನ ನೋಡ್ತೀನಿ. ಒಂದ ಮೊಗ್ಗೂ ಕಮ್ಮಿ ಮಾಡಬ್ಯಾಡ" ಎಂದಳು. ಗಿಡದ ಬಗ್ಗೆ ಮನೆಯೊಳಗೆ ಯಾರಿಗೂ ಏನೂ ಹೇಳಲಿಲ್ಲ. ಹೇಳಬೇಕಾದವಳ ಜೊತೆ ಮಾತೇ ಇರಲಿಲ್ಲವಲ್ಲ.

ಅವಳು ಹೋದ ಮರುದಿನ ಅಡುಗೆಮನೆಯ ಹಿಂಬಾಗಿಲು ತೆರೆಯಿತು. ಕಸ್ತೂರಿ ಹಿತ್ತಲಿಗೆ ಇಳಿದಳು. ಗಿಡದ ಮುಂದೆ ಬಹಳ ಹೊತ್ತು ನಿಂತಳು. ಪ್ರತಿ ಮಾಗಿಯಲ್ಲೂ ಕಿಟಕಿಯ ಸರಳುಗಳ ನಡುವಿನಿಂದ ನೋಡಿದ್ದಳೋ, ಮುಖ ತಿರುಗಿಸಿಕೊಂಡಿದ್ದಳೋ, ನನಗೆ ತಿಳಿಯದು. ಆ ದಿನ ಮಾತ್ರ ಕಣ್ತುಂಬ ನೋಡಿದಳು.

"ಅಯ್ಯ ಶಿವನ! ಕಣ್ಣು ಕಾಣಲಿಲ್ಲಂತ ಗಿಡದ ಜೀವಾನ ಕತ್ತರಿಸಿ ಬಿಟ್ಟಾರಲ್ಲ ಅಕ್ಕಾರು! ಹೊಸ ಕಣ್ಣು ತಗೊಂಡು ಬಂದವ್ರಿಗೆ ಮೊದಲ ಸತ್ತ ಗಿಡ ಕಾಣಬೇಕೇನು?"

ನನ್ನನ್ನು ಎತ್ತಿದಳು. ಜೇಡನಿದ್ದುದನ್ನೂ ನೋಡದೆ ಬಾವಿಯ ನೀರು ತುಂಬಿದಳು. ನಡು ಮಾಗಿಯಲ್ಲಿ ನನ್ನ ಗಂಟಲಿಗೆ ನೀರು! ಬೇಡ ಎನ್ನಲು ನನಗೆ ಬಾಯಿದೆಯೇ? ಇರುವುದೆಲ್ಲ ತೂತು. ನೀರು ಬಂದರೆ ಸುರಿಯುವುದಷ್ಟೇ ಗೊತ್ತು.

ದಿನಾ ಬೆಳಗ್ಗೆ ಬಂದಳು. ಅಕ್ಕಿ ತೊಳೆದ ನೀರು ತಂದಳು, ಶೇಂಗಾ ಹಿಂಡಿ ನೆನೆಸಿ ಬುಡಕ್ಕೆ ಹಾಕಿದಳು, ಚಳಿಗೆಂದು ಹಳೆಯ ಸೀರೆಯನ್ನು ಕಡ್ಡಿಗಳಿಗೆ ಹೊದಿಸಿದಳು. ಕೂಸಿಗೆ ಮಾಡುವ ಹಾಗೆ ಮಾಡಿದಳು. ನೀರು ಹಾಕುತ್ತ ಮೆಲ್ಲಗೆ ಮಾತನಾಡಲು ಶುರುಮಾಡಿದಳು. ಗಿಡದ ಜೊತೆಯೋ ನನ್ನ ಜೊತೆಯೋ ಗೊತ್ತಿಲ್ಲ. ಅಲ್ಲಿ ಬೇರೆ ಯಾರೂ ಇರಲಿಲ್ಲ.

"ಆಗ ನನಗೇನ್ ತಿಳೀತಿತ್ತು? ತವರಾಗ ಹೇಳಿ ಕಳಿಸಿದ್ದನ್ನ ಗಿಣಿಹಂಗ ಅಂದ್ಬಿಟ್ಟೆ. ಈ ಯುಗಾದಿಗೆ ನಾನ ಬಂದು ಅವರ ಮುಂದ ಕುಂದರತೀನಿ. 'ಅಕ್ಕಾರ, ನಿಮ್ಮ ಕೈಲೇನ ಮುಡಸ್ರಿ' ಅಂತೀನಿ. ಹ್ಞೂಂ ಅಂತಾರೋ, ಇಲ್ಲೋ?" ಸ್ವಲ್ಪ ತಡೆದು ತಾನೇ ನಗುತ್ತಿದ್ದಳು. "ಅನ್ನಲಿಲ್ಲ ಅಂದ್ರ ಹಿಂಗ ಕುಂತ ಇರತೀನಿ. ಎಷ್ಟೊತ್ತು ಬೈತಾರ, ಬೈಲಿ."

ಗಿಡ ಅವಳ ಮಾತು ಕೇಳಿತು. ದಿನದಿನಕ್ಕೆ ಚಿಗುರಿತು. ನೀಲಗಂಗವ್ವ ಕಪ್ಪು ಕನ್ನಡಕ ಹಾಕಿಕೊಂಡು ಮರಳುವ ಹೊತ್ತಿಗೆ ಹಿತ್ತಲಲ್ಲಿ ಹಚ್ಚ ಹಸಿರಿನ ಪೊದೆ ನಿಂತಿತ್ತು.

ಅವಳು ಕನ್ನಡಕ ತೆಗೆದು ನೋಡಿದಳು. ಬುಡದ ಒದ್ದೆ ಮಣ್ಣನ್ನು ಬೆರಳಿನಿಂದ ತಿಕ್ಕಿದಳು. ಒದ್ದೆಯಾಗಿ ನೆಟ್ಟಗೆ ಕೂತಿದ್ದ ನನ್ನನ್ನೂ ನೋಡಿದಳು. ಮಾರನೆಯ ದಿನದಿಂದ ಟೊಂಗೆ ಟೊಂಗೆಯನ್ನೂ ಬಿಡಿಸಿ ಮೊಗ್ಗು ಹುಡುಕತೊಡಗಿದಳು. ಶಿವರಾತ್ರಿ ಹೋಯಿತು, ಹೋಳಿ ಹೋಯಿತು. ಎಲೆಯ ಹಿಂದೆ ಎಲೆ, ಅದರ ಹಿಂದೆ ಮತ್ತೊಂದು ಎಲೆ. ಇತ್ತ ಕಿಟಕಿಯಲ್ಲಿ ಕಸ್ತೂರಿಯ ಮುಖವೂ ಅದೇ ಮೊಗ್ಗಿಗಾಗಿ ಇಣುಕುತ್ತಿತ್ತು. ಒಂದೇ ವಸಂತಕ್ಕೆ ಇಬ್ಬರು ಕಾದರು, ನಡುವೆ ಒಂದು ಗೋಡೆ.

ಯುಗಾದಿಯ ಬೆಳಗ್ಗೆ ಕಸ್ತೂರಿ ಎಣ್ಣೆ ನೀರು ಎರೆದುಕೊಂಡು, ಹೊಸ ಇಳಕಲ್ ಸೀರೆ ಉಟ್ಟು, ಹಿಂಬಾಗಿಲಿನಿಂದ ಇಳಿದು ಬಂದಳು. ತುರುಬಿನಲ್ಲಿ ಹೂವಿರಲಿಲ್ಲ. ಪೇಟೆಯ ಹೂವನ್ನು ಆ ದಿನ ಅವಳು ಬೇಕೆಂದೇ ಮುಡಿದಿರಲಿಲ್ಲ.

"ಅಕ್ಕಾರ…"

ನೀಲಗಂಗವ್ವ ಗಿಡದಿಂದ ಕೈ ತೆಗೆಯಲಿಲ್ಲ. "ನೀರು ನೀ ಹಾಕಿದೇನು?"

"ಹೌದ್ರಿ ಅಕ್ಕಾರ. ಸಾಯಾಕ ಹತ್ತಿತ್ರಿ…"

"ಸಾಯಾಕ ಹತ್ತಿತ್ತಂತ ನಿನಗ ಯಾರ ಹೇಳಿದ್ರು? ಇಷ್ಟ ವರ್ಷ ಕಿಟಕ್ಯಾಗ ನಿಂತು ಏನ್ ನೋಡಿದಿ? ಮಲಗಿದ ಗಿಡ ಎಬ್ಬಿಸಿದಿ. ಈಗ ನೋಡು, ಬರೇ ಎಲಿ!"

"ನನಗ ತಿಳೀಲಿಲ್ರಿ. ನಾ ಅಂದ್ಕೊಂಡೆ, ನೀವು ಬರೂದ್ರಾಗ…"

"ಬಂಜಿ ಕೈ ತಾಗಿದ ಮ್ಯಾಲ ಗಿಡಾನೂ ಬಂಜಿನ ಆಗತೈತಿ."

ಮಾತು ಬುಡದಲ್ಲಿ ಸೋರಿತು. ಹುಸೇನಸಾಬನಿದ್ದಿದ್ದರೆ ಬೆಸೆಯಲು ಅವನಿಗೂ ಆಗುತ್ತಿರಲಿಲ್ಲ.

ಕಸ್ತೂರಿಯ ಕೈ ತಾನಾಗಿಯೇ ಬರಿದಾದ ತುರುಬಿಗೆ ಹೋಯಿತು, ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಜೋರಾಗಿ ಹಾಕಿದ್ದರೂ ಆಗುತ್ತಿತ್ತು. ಸದ್ದಾಗದ ಹಾಗೆ ಹಾಕಿದಳು.

ಅವಳು ಯಾಕೆ ಬಂದಿದ್ದಳೆಂದು ನೀಲಗಂಗವ್ವನಿಗೆ ಗೊತ್ತಾಗಲೇ ಇಲ್ಲ. ಗೊತ್ತಿರುವುದು ನನಗೆ, ಗಿಡಕ್ಕೆ.

ಹೂವು ಬಂತು. ವಸಂತವೆಲ್ಲ ಮುಗಿದು, ಮಳೆ ಹಿಡಿದು, ಯಾವ ಹಬ್ಬವೂ ಇಲ್ಲದ ಆಷಾಢದಲ್ಲಿ ಒಂದು ದಂಡೆಗಾಗುವಷ್ಟು ಬಂತು. ನೀಲಗಂಗವ್ವ ಅದನ್ನು ಕಟ್ಟಿದಳು. ಓಣಿಯ ಯಾರಿಗೂ ಕೊಡಲಿಲ್ಲ. ಬಾಳೆ ಎಲೆಯಲ್ಲಿಟ್ಟು ಅಡುಗೆಮನೆಯ ಹಿಂಬಾಗಿಲ ಹೊಸ್ತಿಲ ಮೇಲೆ ಇಟ್ಟು ಬಂದಳು. ಕಸ್ತೂರಿ ಮುಸುರೆ ಚೆಲ್ಲಲು ಬಂದಾಗ ದಂಡೆಯನ್ನು ಕಂಡಳು. ತುಳಿಯಲಿಲ್ಲ, ಎತ್ತಲಿಲ್ಲ. ಸೀರೆಯ ನಿರಿಗೆ ಹಿಡಿದು ದಾಟಿ ಹೋದಳು, ದಾಟಿ ಬಂದಳು. ಮರುದಿನ ಕಸಬರಿಗೆಯ ಜೊತೆ ಕಂದಿದ ಹೂವು ಹಿತ್ತಲಿಗೆ ಬಂತು, ನನ್ನ ಪಕ್ಕಕ್ಕೇ.

ಈಗ ನನ್ನ ಬುಡ ತುಕ್ಕು ತಿಂದಿದೆ. ನೀರು ಹಾಕಲು ಪ್ಲಾಸ್ಟಿಕ್ ಕೊಡ ಬಂದಿದೆ. ನಾನು ಬಾವಿಕಟ್ಟೆಯ ಮೂಲೆಯಲ್ಲಿ, ಜೇಡನ ಮನೆಯಾಗಿ ಬಿದ್ದಿದ್ದೇನೆ. ಒಬ್ಬಳ ಮನಸ್ಸಿನ ಮಾತು ನನ್ನ ಹೊಟ್ಟೆಯಲ್ಲಿ ಉಳಿದುಬಿಟ್ಟಿದೆ. ನೀರನ್ನು ಸುರಿದಷ್ಟು ಸುಲಭವಾಗಿ ಅದನ್ನು ಸುರಿಯಲು ಬಂದಿದ್ದರೆ, ಈ ಮನೆಯಲ್ಲಿ ಎರಡು ಒಲೆ ಹೊತ್ತುತ್ತಿರಲಿಲ್ಲ.

ಮತ್ತೆ ಮಾಗಿ. ನೀಲಗಂಗವ್ವ ಎಲೆಗಳನ್ನೆಲ್ಲ ಕಿತ್ತು ಮುಗಿಸಿ ಗಿಡದ ಬುಡದಲ್ಲಿ ಕೂತಿದ್ದಾಳೆ. ಅವಳು ಈಗ ಗಿಡಕ್ಕೆ ಬೆನ್ನು ಮಾಡಿ, ಕಿಟಕಿಗೆ ಮುಖ ಮಾಡಿ ಕೂಡುತ್ತಾಳೆ. ಗಿಡ ಕಿವುಡೇನಲ್ಲ, ಆದರೂ ಕಥೆಯನ್ನು ಗಟ್ಟಿಯಾಗಿ ಹೇಳುತ್ತಾಳೆ. "ಮಾಗಿ ಅನ್ನಾಕಿ ಒಬ್ಬಾಕಿ ಮುದುಕಿ ಇದ್ಲು…"

ಒಳಗೆ ಪಾತ್ರೆ ತಿಕ್ಕುವ ಸದ್ದು ನಿಲ್ಲುತ್ತದೆ. ಮುದುಕಿ ಬರುತ್ತಾಳೆ, ಮಲ್ಲಿಗೆ ಸತ್ತಂತೆ ಬೀಳುತ್ತದೆ, ಮುದುಕಿ ಸೀಮೆ ದಾಟುತ್ತಾಳೆ. ಅಲ್ಲಿಯವರೆಗೂ ಸದ್ದಿಲ್ಲ.

"…ಹೇಳಿದಾಕಿ ಕೈಗೆ ಮಣ್ಣು, ಕೇಳಿದಾಕಿ ತಲಿಗೆ ಹೂವು."

ನೀಲಗಂಗವ್ವ ಕಿಟಕಿಯನ್ನೇ ನೋಡುತ್ತ ಕೂರುತ್ತಾಳೆ.

ಒಳಗೆ ಪಾತ್ರೆ ತಿಕ್ಕುವ ಸದ್ದು ಮತ್ತೆ ಶುರುವಾಗುತ್ತದೆ.